ಒಪ್ಪಿಸದ ಪಾಠ

ಆ ದಿನ ಬೆಳಗ್ಗೆ ಮೂಡಣದಿಂದ ಬಿಸಿಗಾಳಿ ಎದ್ದಿತ್ತು. ಸೂರ್ಯ ಹುಟ್ಟಿದ್ದಾನೋ ಇಲ್ಲವೋ ಹೇಳುವಂತಿರಲಿಲ್ಲ. ಆಕಾಶದ ತುಂಬ ಕೆಂಧೂಳು, ಅದರ ನಡುವೆ ಬೆಳಗದೆ ಬಿಟ್ಟ ತಾಮ್ರದ ತಟ್ಟೆಯಂಥ ಒಂದು ಮಂಕು ಗುಂಡು. ಮರಳುಗಾಡಿನ ಅಂಚಿನ ಪಟ್ಟಣ ನೌಕ್‌ಶಾಟ್‌ನ ಬೀದಿಗಳಲ್ಲಿ ಹೆಂಗಸರು ಮೈಸುತ್ತಿದ ಮೆಲಹಫದ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದರು, ಗಂಡಸರು ಮುಂಡಾಸಿನ ತುದಿಯಲ್ಲಿ ಮೂಗು ಮುಚ್ಚಿಕೊಂಡಿದ್ದರು. ಇಂಥ ಗಾಳಿ ಬೀಸುವ ದಿನ ನಮ್ಮ ಹಿರಿಯರು ಹೆಣ್ಣು ಕೇಳಲು ಹೋಗುವುದಿಲ್ಲ, ದೂರದ ದಾರಿ ಹಿಡಿಯುವುದಿಲ್ಲ. ಲಿಮಾಮ್ ಅದೇ ದಿನ ಪ್ರೀತಿಗೆ ಬಿದ್ದ.

ಅವನು ಶಿಕ್ಷಕರ ತರಬೇತಿ ಕಾಲೇಜಿನ ಕೊನೆಯ ವರ್ಷದಲ್ಲಿದ್ದ. ಮನಶ್ಶಾಸ್ತ್ರ ಕಲಿಸುವ ಉಸ್ತಾದಾ ನೆಜಾಹ್ ಅಂದು ಎಲ್ಲರಿಗೂ ನಾಲ್ಕು ಪುಟದ ಒಂದು ಫಾರ್ಮ್ ಹಂಚಿದ್ದರು. ಯಾವ ಸ್ವಭಾವದ ವಿದ್ಯಾರ್ಥಿ ಎಐಯನ್ನು ಎಷ್ಟು ನೆಚ್ಚಿಕೊಳ್ಳುತ್ತಾನೆ ಎಂಬುದು ಅವರ ಸಂಶೋಧನೆ. ಅಂಜುಬುರುಕರೇ ಹೆಚ್ಚೋ, ಸೋಮಾರಿಗಳೋ, ಚುರುಕಿನವರೋ? ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಎಂದು ಮೊದಲೇ ಮಾತು ಕೊಟ್ಟಿದ್ದರು. ಲಿಮಾಮ್ ಬರೆದು, ಮಡಚಿ, ಪೆಟ್ಟಿಗೆಗೆ ಹಾಕಿ ಹೊರಗೆ ಬಂದ.

"ಸ್ವಲ್ಪ ನಿಲ್ತೀರಾ?"

ತಿರುಗಿದ. ನೀಲಿ ಸೆರಗಿನ ನಡುವೆ ಎರಡು ಕಣ್ಣು. ರೆಪ್ಪೆಯ ಮೇಲೆ ಧೂಳು ಕೂತಿತ್ತು. ಫಾರ್ಮ್ ಒಟ್ಟುಮಾಡಲು ಉಸ್ತಾದಾ ನೇಮಿಸಿದ್ದ ಹುಡುಗಿ.

"ಹೆಸರು ಬರೀಬೇಡಿ ಅಂತ ಇಷ್ಟು ದಪ್ಪ ಅಕ್ಷರದಲ್ಲಿ ಹಾಕಿದ್ದಾರಲ್ಲ?"

"ನಾನೆಲ್ಲಿ ಬರೆದೆ?"

"ಮೇಲೆ, ಬಲಗಡೆ. ಲಿಮಾಮ್ ವಲದ್ ಸಿದಾತಿ. ಅಪ್ಪನ ಹೆಸರೂ ಬಿಟ್ಟಿಲ್ಲ. ಒಂಟೆ ಎಷ್ಟಿವೆ ಅನ್ನೋದೊಂದು ಬಾಕಿ."

ಅವನ ಕಿವಿ ಕೆಂಪಾಯಿತು. ಡೇರೆಯ ಪಾಠಶಾಲೆಯಲ್ಲಿ ಅಕ್ಷರ ಕಲಿತವನ ಕೈ ಹಾಗೇ; ಹಲಗೆ ಅದಲುಬದಲಾಗದಿರಲಿ ಎಂದು ಮೂಲೆಯಲ್ಲಿ ಹೆಸರು ಬರೆದೇ ಬರೆಯುತ್ತದೆ. ಹನ್ನೊಂದು ವರ್ಷವಾದರೂ ಕೈ ಅದನ್ನು ಮರೆತಿರಲಿಲ್ಲ.

"ಓದಿದಿರಾ?"

"ಓದಬಾರದಿತ್ತು. ಕಣ್ಣು ಬಿತ್ತು. ದೇವರು ಕ್ಷಮಿಸಲಿ." ಅವಳು ಸೆರಗು ಸರಿಮಾಡಿಕೊಂಡಳು. "ಹದಿನೇಳನೇ ಪ್ರಶ್ನೆ. 'ಬುದ್ಧಿ ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ, ಬೆಳೆಯೋದಿಲ್ಲ.' ಪೂರ್ತಿ ಒಪ್ಪುತ್ತೇನೆ ಅಂತ ಗೀಟು ಹಾಕಿದ್ದೀರಿ. ಕಾಗದ ತೂತಾಗೋ ಹಾಗೆ ಒತ್ತಿದ್ದೀರಲ್ಲ, ಯಾರ ಮೇಲಿನ ಸಿಟ್ಟು?"

ಲಿಮಾಮ್‌ಗೆ ಕೊನೆಯ ಪುಟ ನೆನಪಾಯಿತು. 'ನಿಮ್ಮ ಮಾತಿನಲ್ಲೇ ಬರೆಯಿರಿ' ಎಂದಿದ್ದ ಜಾಗದಲ್ಲಿ ಅವನು ನಿಜವನ್ನೇ ಬರೆದಿದ್ದ: 'ಎಲ್ಲವನ್ನೂ ಅದರಿಂದಲೇ ಬರೆಸುತ್ತೇನೆ. ಆಮೇಲೆ, ದಣಿದ ಹುಡುಗ ಮಾಡುವಂಥ ತಪ್ಪುಗಳನ್ನು ನಡುನಡುವೆ ಸೇರಿಸು ಎಂದು ಹೇಳುತ್ತೇನೆ. ಪದವಿಯ ಪ್ರಬಂಧವನ್ನೂ ಹಾಗೇ ಬರೆಸುವೆ.'

"ಹರಿದುಬಿಡಿ."

"ನನಗೆ ಹಕ್ಕಿಲ್ಲ. ನಂಬಿ ಕೊಟ್ಟದ್ದು. ಹೆಸರಿರೋದು ಎಣಿಕೆಗೆ ಸೇರಲ್ಲ, ನೀವೇ ವಾಪಸ್ ತಗೊಳ್ಳಿ."

ಅವನು ಕೈ ಚಾಚಿದವನು ತಡೆದ. ಕಾಗದ ಇಸಕೊಂಡರೆ ಮಾತು ಮುಗಿಯುತ್ತಿತ್ತು.

"ನಿಮ್ಮ ಹತ್ರಾನೇ ಇರಲಿ, ಅಮಾನತ್ತು ಅಂತ ಇಟ್ಕೊಳ್ಳಿ. ಒಂದಿನ ನಾನೇ ಬಂದು ಕೇಳ್ತೀನಿ."

ಅಮಾನತ್ತು ಎಂದರೆ ಒಬ್ಬರು ನಂಬಿ ಇನ್ನೊಬ್ಬರ ಕೈಗಿಟ್ಟದ್ದು. ಅದನ್ನು ಕಾಯುವುದು ನಮಾಜಿನಷ್ಟೇ ದೊಡ್ಡದು. ಅವಳ ಕಣ್ಣಿನ ಅಂಚಿನಲ್ಲಿ ನಗೆ ಸುಳಿಯಿತು. ಅವನು ಯಾಕೆ ಹಾಗೆಂದ ಎಂಬುದು ಅವಳಿಗೆ ತಿಳಿಯದೆ ಇರಲಿಲ್ಲ.

"ಹಲಗೆ ಕದ್ದವರು ಕಾಗದ ಬಿಟ್ಟು ಹೋಗ್ತೀರಾ? ಒಳ್ಳೇದಾಯ್ತು."

"ಏನಂದ್ರಿ?"

"ನಾನು ಸಾಲ್ಕಾ. ಬಿರ್ ತಲ್ಹಾದ ಮುರಾಬಿತ್‌ರ ಮಗಳು. ನಿಮಗೆ ಮೊಸರುನೀರು ತಂದುಕೊಡ್ತಿದ್ದ ಹುಡುಗಿ." ಅಷ್ಟು ಹೇಳಿ ಧೂಳಿನೊಳಗೆ ನಡೆದುಹೋದಳು.

*

ಮುರಾಬಿತ್ ಎಂದರೆ ಮರಳುಗಾಡಿನ ಗುರು. ಸಾಲ್ಕಾಳ ಅಪ್ಪ ಒಂದು ಡೇರೆ, ಒಂದು ಬಾವಿ, ಒಂದು ತಲ್ಹಾ ಮರದ ನೆರಳಿನಲ್ಲಿ ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಅಲ್ಲಿ ಪಾಠವನ್ನು ಮರದ ಹಲಗೆಯ ಮೇಲೆ ಮಸಿಯಲ್ಲಿ ಬರೆದುಕೊಳ್ಳಬೇಕು, ಬಾಯಿಪಾಠ ಮಾಡಬೇಕು, ಗುರುವಿಗೆ ಒಪ್ಪಿಸಬೇಕು. ಗುರು ಕೇಳಿದ ಮೇಲೆಯೇ ಹಲಗೆ ತೊಳೆಯುವುದು. ಒಪ್ಪಿಸದೆ ತೊಳೆದರೆ ವಿದ್ಯೆಗೆ ಮಾಡಿದ ದ್ರೋಹ.

ಹನ್ನೊಂದು ವರ್ಷದ ಹುಡುಗ ಲಿಮಾಮ್‌ಗೆ ಹದಿನಾಲ್ಕು ಸಾಲಿನ ಒಂದು ಪಾಠ ಬಂದಿತ್ತು. ಒಂಬತ್ತನೆಯ ಸಾಲಿಗೆ ನಾಲಗೆ ನಿಂತುಹೋಗುತ್ತಿತ್ತು. ಮೂರು ದಿನ ಹಾಗೇ. ನಾಲ್ಕನೆಯ ಬೆಳಗ್ಗೆ ಹಿಟ್ಟಿನ ಮೂಟೆ ಇಳಿಸಲು ಬಂದಿದ್ದ ಗಾಡಿ ಹತ್ತಿ, ಹಲಗೆಯನ್ನು ಅಂಗಿಯೊಳಗೆ ಅವುಚಿಕೊಂಡು ಓಡಿಹೋದ.

"ಅಪ್ಪ ಬೈದ್ರಾ ಅವತ್ತು?" ಒಂದು ಸಂಜೆ ಕ್ಯಾಂಟೀನಿನ ಚಾಪೆಯ ಮೇಲೆ ಸಾಲ್ಕಾ ಕೇಳಿದಳು. ಅವರ ನಡುವೆ ಚಹಾದ ಸಣ್ಣ ಲೋಟಗಳಿದ್ದವು. 'ನೀವು' ಹೋಗಿ 'ನೀನು' ಬಂದು ವಾರವಾಗಿತ್ತು.

"ಬೈದಿದ್ರೆ ಇರ್ತಿದ್ದೆ. ಸುಮ್ಮನೆ ಕೂತು ಕಾದರು. ಸಿಟ್ಟಿಲ್ಲ, ಆತುರ ಇಲ್ಲ. ಒಂಬತ್ತನೇ ಸಾಲು ಬರುತ್ತೆ ಅಂತ ಕಾದರು. ಅದನ್ನ ತಡಕೊಳ್ಳೋಕೆ ಆಗಲಿಲ್ಲ ಸಾಲ್ಕಾ."

"ಹಲಗೆ?"

"ಅಮ್ಮನ ಪೆಟ್ಟಿಗೆ ತಳದಲ್ಲಿದೆ. ತೊಳೆದಿಲ್ಲ."

"ಅಷ್ಟಾದರೂ ಮಾನ ಉಳಿಸಿದೆಯಲ್ಲ." ಅವಳು ಚಹಾವನ್ನು ಎತ್ತರದಿಂದ ಸುರಿದಳು, ನೊರೆ ಎದ್ದಿತು. "ಅಪ್ಪ ಈಗಲೂ ಲೆಕ್ಕ ಹೇಳ್ತಾರೆ. 'ನನ್ನ ಹಲಗೆಗಳಲ್ಲಿ ಒಂದು ಪಟ್ಟಣ ನೋಡೋಕೆ ಹೋಗಿದೆ, ಬರುತ್ತೆ' ಅಂತ."

ಅವನು ಫೋನಿನಲ್ಲಿ ಎಐ ತೆರೆದು ಅವಳ ಮುಂದಿಟ್ಟ. "ಇದು ಕಾಯಲ್ಲ ನೋಡು. ಹತ್ತು ಸಲ ಅದೇ ಪ್ರಶ್ನೆ ಕೇಳು, ಮುಖ ಸಿಂಡರಿಸಲ್ಲ. ದಡ್ಡ ಅನ್ನಲ್ಲ. ಏನಾದರೂ ಕೇಳು."

"ನಮ್ಮಪ್ಪನ ಗುರುವಿನ ಗುರು ಯಾರು ಅಂತ ಕೇಳು."

ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಹೆಸರು ಹೇಳಿತು, ಹುಟ್ಟಿದ ವರ್ಷ ಹೇಳಿತು, ಬರೆದ ಮೂರು ಗ್ರಂಥ ಹೇಳಿತು. ಒಂದೂ ನಿಜವಲ್ಲ. ಸಾಲ್ಕಾ ನಕ್ಕಳು. ನಗುವ ರಭಸಕ್ಕೆ ಸೆರಗು ತಲೆಯಿಂದ ಜಾರಿತು. ಎಳೆದುಕೊಳ್ಳುವ ಮೊದಲು ಒಂದು ಗಳಿಗೆ ಕಿವಿಯ ಹಿಂದಿನ ಜಡೆ ಕಂಡಿತು. ಆ ಒಂದು ಗಳಿಗೆಯನ್ನು ಲಿಮಾಮ್ ಆಮೇಲೆ ಎಷ್ಟು ತಿಂಗಳು ಕಾಪಾಡಿದನೋ.

"ಪಾಪ ಕಣೋ. 'ಗೊತ್ತಿಲ್ಲ' ಅನ್ನೋದನ್ನ ಇದಕ್ಕೆ ಯಾರೂ ಕಲಿಸಿಲ್ಲ. ನಮ್ಮಪ್ಪ ದಿನಕ್ಕೆ ಹತ್ತು ಸಲ ಅಂತಾರೆ, 'ಗೊತ್ತಿಲ್ಲ, ಅಲ್ಲಾಹನಿಗೆ ಗೊತ್ತು.' ಎಷ್ಟು ಹಗುರ ಆಗುತ್ತೆ ಗೊತ್ತಾ ಹಾಗಂದರೆ?"

"ನಿನಗೆ ಹೇಳೋದು ಸುಲಭ. ನಿನ್ನ ತಲೆ ಕಲ್ಲಿನ ಮೇಲಿನ ಬರಹ. ನನ್ನದು ಜರಡಿ."

"ಜರಡೀನ ದಿನಾ ನೀರಲ್ಲಿ ಅದ್ದಿದರೆ ನೀರು ನಿಲ್ಲಲ್ಲ, ನಿಜ. ಜರಡಿ ಶುದ್ಧ ಆಗುತ್ತಲ್ಲ?" ಅವಳು ಅವನನ್ನು ನೋಡಿದಳು, ಆ ನೋಟದಲ್ಲಿ ಕೀಟಲೆ ಇತ್ತು, ಅದರ ಹಿಂದೆ ಕೀಟಲೆಯಲ್ಲದ್ದೂ ಇತ್ತು. "ದಿನಕ್ಕೊಂದು ಸಾಲು ಕಲಿ, ನನಗೆ ಒಪ್ಪಿಸು. ಹದಿನಾಲ್ಕು ಸಾಲಾದ ಮೇಲೆ ಅಪ್ಪನ ಹತ್ತಿರ ಕರಕೊಂಡು ಹೋಗ್ತೀನಿ. ಹಲಗೆ ಕೊಡು. ಆಮೇಲೆ ಏನು ಕೇಳಬೇಕೋ ಕೇಳು ಅವರನ್ನ."

ಏನು ಕೇಳಬೇಕೆಂದು ಇಬ್ಬರಿಗೂ ಗೊತ್ತಿತ್ತು. ಲಿಮಾಮ್ ಏಳು ದಿನ ಏಳು ಸಾಲು ಒಪ್ಪಿಸಿದ. ಎಂಟನೆಯ ದಿನದಿಂದ ಪ್ರಬಂಧದ ಗಡುವು ಹತ್ತಿರ ಬಂತು. ನೆಪ ಬೇಕಿದ್ದವನಿಗೆ ನೆಪ ಸಿಕ್ಕಿತು.

*

ಸಾಲ್ಕಾಳಿಗೆ ಆ ವರ್ಷವೇ ಸರ್ಟಿಫಿಕೇಟು ಬೇಕಿತ್ತು. ಬಿರ್ ತಲ್ಹಾದಲ್ಲಿ ಸರ್ಕಾರ ಒಂದು ಕೋಣೆ ಕಟ್ಟಿ ಶಾಲೆ ಎಂದು ಹೆಸರಿಟ್ಟಿತ್ತು. ಹೊರಗಿನ ಮೇಷ್ಟ್ರು ಯಾರೂ ಅಲ್ಲಿ ಒಂದು ತಿಂಗಳು ನಿಲ್ಲುತ್ತಿರಲಿಲ್ಲ. ಅಕ್ಟೋಬರಿನೊಳಗೆ ತರಬೇತಾದ ಶಿಕ್ಷಕರು ಬಾರದಿದ್ದರೆ ಬೆಂಚು, ಕರಿಹಲಗೆ, ಮಂಜೂರಾತಿ ಎಲ್ಲ ಬೇರೆ ಊರಿಗೆ. ಇಪ್ಪತ್ತಮೂರು ಹೆಣ್ಣುಮಕ್ಕಳು ಅವಳ ದಾರಿ ಕಾಯುತ್ತಿದ್ದರು.

ಅವಳು ಬರೆಯುತ್ತಿದ್ದ ರೀತಿಯೇ ಬೇರೆ. ನಡೆಯುತ್ತ ನಡೆಯುತ್ತ ಒಂದೊಂದು ವಾಕ್ಯವನ್ನು ಬಾಯಲ್ಲಿ ತಿರುಗಿಸಿ, ತೂಗಿ, ಹಲಗೆಯ ಮೇಲೆ ಬರೆದು, ತಿದ್ದಿ, ಮನಸ್ಸಿಗೆ ಕೂತ ಮೇಲೆ ತೊಳೆದುಬಿಡುತ್ತಿದ್ದಳು. ಅರವತ್ತು ಪುಟ ಹಾಗೆ ಕಟ್ಟಿದಳು. ಕೊನೆಗೆ ಕಂಪ್ಯೂಟರ್ ಅಂಗಡಿಯಲ್ಲಿ ಎರಡು ಮಧ್ಯಾಹ್ನ ಕೂತು, ಒಂದು ಅಕ್ಷರ ಅಳಿಸದೆ ಟೈಪು ಮಾಡಿದಳು. ಹಳೆಯ ಗುರುಗಳ ಗದ್ಯದ ಹಾಗೆ ಕುಂದಿಲ್ಲದ, ಏರಿಳಿತವಿಲ್ಲದ ಬರವಣಿಗೆ.

ಆ ವರ್ಷ ಕಾಲೇಜಿನವರು ಹೊಸದೊಂದು ತಪಾಸಣೆ ತಂದಿದ್ದರು. ಎಲ್ಲ ಪ್ರಬಂಧವನ್ನೂ ಒಂದು ಸಾಫ್ಟ್‌ವೇರಿಗೆ ಹಾಕುವುದು. ಯಂತ್ರ ಬರೆದದ್ದು ಎಷ್ಟು ಪಾಲು ಎಂದು ಅದು ಹೇಳುತ್ತದೆ.

ಲಿಮಾಮ್‌ನದು ನೂರಕ್ಕೆ ಆರು.

ಸಾಲ್ಕಾಳದು ತೊಂಬತ್ತೊಂದು.

ಬೇಲಿಯ ಪಕ್ಕ ನಿಂತು ಅವಳು ನೋಟೀಸು ತೋರಿಸಿದಳು.

"ಗುರುವಾರ ಹತ್ತು ಗಂಟೆಗೆ ವಿಚಾರಣೆ. ನೀನು ಬರ್ತೀಯಾ?"

"ನಾನು ಬಂದು ಏನು..."

"ಒಂದೇ ಮಾತು. ಆ ಅಂಕಿ ಸುಳ್ಳು ಅಂತ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅವನಿಗೆ ಗೊತ್ತಿತ್ತು. ಆ ಅಂಕಿ ಸುಳ್ಳು ಎನ್ನಬೇಕಾದರೆ ತನ್ನ ಆರು ಕೂಡ ಸುಳ್ಳು ಎನ್ನಬೇಕು. ಅವನ ಅಮ್ಮ ಮಾರುಕಟ್ಟೆಯಲ್ಲಿ ಬಟ್ಟೆಗೆ ಬಣ್ಣ ಹಾಕಿ ಹಾಕಿ ಮೊಣಕೈವರೆಗೆ ನೀಲಿಯಾಗಿದ್ದಳು. ಮಗ ಮೇಷ್ಟ್ರಾದ ಎಂದು ಆಗಲೇ ಓಣಿಯಲ್ಲಿ ಹಾಲು ಹಂಚಿದ್ದಳು.

"ಬರ್ತೀನಿ. ಖಂಡಿತ ಬರ್ತೀನಿ."

"ಇನ್ಶಾ ಅಲ್ಲಾಹ್ ಅನ್ನು. ಹಾಗೆ ಒಣ ಮಾತು ಕೊಡಬಾರದು."

ಅವನು ಅಂದ. ಆದರೆ ಅವಳು ಅದಾಗಲೇ ತಿರುಗಿ ನಡೆದಿದ್ದಳು.

*

ವಿಚಾರಣೆಯ ಕೋಣೆಯ ಬಾಗಿಲು ನೆಲದಿಂದ ನಾಲ್ಕು ಬೆರಳು ಮೇಲಿತ್ತು. ಒಳಗಿನ ಮಾತು ಹೊರಗೆ ನಿಂತವನ ಕಾಲ ಬಳಿ ಬಂದು ಬೀಳುತ್ತಿತ್ತು. ಲಿಮಾಮ್ ಹತ್ತಕ್ಕೆ ಮೊದಲೇ ಬಂದಿದ್ದ, ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತೊಟ್ಟು, ಕೈಯಲ್ಲಿ ನೀರಿನ ಬಾಟಲಿ ಹಿಡಿದು.

"ಕರಡು ಪ್ರತಿ ಎಲ್ಲಮ್ಮ?" ಅಧ್ಯಕ್ಷರ ದನಿ.

"ತೊಳೆದುಬಿಟ್ಟೆ."

"ತೊಳೆದೆ ಅಂದರೆ?"

"ಹಲಗೆ ಮೇಲೆ ಬರೆದಿದ್ದೆ. ಬಾಯಿಗೆ ಬಂದ ಮೇಲೆ ತೊಳೆದೆ." ಅವಳು ಮುಂದುವರಿಸಿದಳು, "ಯಾವ ಪುಟ ಬೇಕಾದರೂ ಕೇಳಿ. ಒಪ್ಪಿಸ್ತೀನಿ."

ಅವಳ ಅಪ್ಪನ ಡೇರೆಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇರಲಿಲ್ಲ. ಎದೆಯಲ್ಲಿ ಇದ್ದದ್ದು ನಿನ್ನದು, ಇಲ್ಲದ್ದು ನಿನ್ನದಲ್ಲ. ಅವಳು ಮೂವತ್ತೊಂದನೆಯ ಪುಟ ಹೇಳಿದಳು. ಹನ್ನೆರಡನೆಯದು ಹೇಳಿದಳು. ಆಮೇಲೆ ಯಾರೂ ಕೇಳದಿದ್ದರೂ ಮೊದಲಿನಿಂದ ಶುರುಮಾಡಿದಳು. ಆ ದನಿ ಬಾವಿಗೆ ಬಿಟ್ಟ ಹಗ್ಗದ ಹಾಗೆ ನಿಲ್ಲದೆ, ತಡವರಿಸದೆ ಇಳಿಯಿತು. ಲಿಮಾಮ್ ಕಣ್ಣು ಮುಚ್ಚಿಕೊಂಡ. ಇಷ್ಟು ಚೆಂದದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಸಾಕಮ್ಮ," ಎಂದರು ಅಧ್ಯಕ್ಷರು. ದನಿಯಲ್ಲಿ ಕ್ರೌರ್ಯವೇನೂ ಇರಲಿಲ್ಲ. "ನೆನಪಿನ ಶಕ್ತಿ ಚೆನ್ನಾಗಿದೆ. ಆದರೆ ಯಾರೋ ಬರೆದದ್ದನ್ನ ಬಾಯಿಪಾಠ ಮಾಡೋರೇ ಅಲ್ಲವಾ ನಿಮ್ಮ ಕಡೆಯವರು? ಯಂತ್ರ ಬರೆದದ್ದನ್ನೂ ಹಾಗೇ ಮಾಡಬಹುದು. ನೀನೇ ಬರೆದೆ ಅನ್ನೋದಕ್ಕೆ ಇದು ಸಾಕ್ಷಿ ಹೇಗಾಗುತ್ತೆ?"

ಒಳಗೆ ಹಾಳೆ ತಿರುವಿದ ಸದ್ದು.

"ನಿನ್ನ ಪರವಾಗಿ ಮಾತಾಡೋರು ಯಾರಾದರೂ ಇದ್ದಾರಾ?"

"ಇದ್ದಾರೆ."

ಲಿಮಾಮ್‌ನ ಕೈ ಬಾಗಿಲ ಹಿಡಿಯ ಮೇಲಿತ್ತು. ಹಿಡಿ ತಣ್ಣಗಿತ್ತು. ತಿರುಗಿಸಿದರೆ ಮುಗಿಯಿತು. ಅಮ್ಮನ ನೀಲಿ ಕೈ ಕಂಡಿತು. ಒಂಬತ್ತನೆಯ ಸಾಲು ಕಂಡಿತು. ಕಾಯುತ್ತಿರುವ ಮುರಾಬಿತ್‌ರ ಮುಖ ಕಂಡಿತು. ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ, ಬೆಳೆಯುವುದಿಲ್ಲ. ಬುದ್ಧಿಯ ಬಗ್ಗೆ ಹಾಗೆ ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ಅವನು ಧೈರ್ಯಕ್ಕೂ ಅದನ್ನೇ ನಂಬಿಬಿಟ್ಟಿದ್ದ.

ಒಳಗೆ ಗಡಿಯಾರದ ಸದ್ದು ಕೇಳುವಷ್ಟು ಹೊತ್ತು ಕಳೆಯಿತು.

"ಇದ್ದರು," ಎಂದಳು ಸಾಲ್ಕಾ.

ಹೊರಗೆ ಬಂದಾಗ ಅವಳು ಅವನನ್ನು ಕಂಡು ಆಶ್ಚರ್ಯಪಡಲಿಲ್ಲ. ಬೈಯಲಿಲ್ಲ, ಅಳಲಿಲ್ಲ.

"ನಿಮ್ಮ ಹತ್ತಿರ ನೀರಿದೆಯಾ?"

ಕೊಟ್ಟ. ಗೋಡೆಯ ಕಡೆ ತಿರುಗಿ, ಬಿಸ್ಮಿಲ್ಲಾ ಎಂದು ಮೂರು ಗುಟುಕು ಕುಡಿದಳು. ಮುಚ್ಚಳ ಹಾಕಿ ವಾಪಸು ಕೊಟ್ಟಳು. ತೋಳಿನ ಚೀಲವನ್ನು ಎದೆಗೆ ಒತ್ತಿ ಹಿಡಿದುಕೊಂಡು ಗೇಟಿನ ಕಡೆ ನಡೆದಳು. ಚೀಲವನ್ನು ಹಾಗೇಕೆ ಹಿಡಿದಿದ್ದಾಳೆ ಎಂದು ಅವನಿಗೆ ಆಗ ಹೊಳೆಯಲಿಲ್ಲ.

*

ಸಾಲ್ಕಾಳಿಗೆ ಸರ್ಟಿಫಿಕೇಟು ಸಿಗಲಿಲ್ಲ. ಲಿಮಾಮ್ ಮೇಷ್ಟ್ರಾದ. ಪಟ್ಟಣದ ಅಂಚಿನ ಶಾಲೆ, ಐದನೇ ತರಗತಿ. ರಾತ್ರಿ ಯಂತ್ರ ಬರೆದುಕೊಟ್ಟ ಪಾಠವನ್ನು ಬೆಳಗ್ಗೆ ಓದಿ ಹೇಳುತ್ತಿದ್ದ. ಮಕ್ಕಳು 'ಯಾಕೆ' ಎಂದು ಕೇಳಿದರೆ ಗದರುತ್ತಿದ್ದ. ಗದರಿದ ಮೇಲೆ ಅವನಿಗೇ ಹೇಸಿಗೆಯಾಗುತ್ತಿತ್ತು. ಅಮ್ಮ ಹೆಣ್ಣು ನೋಡುವ ಮಾತೆತ್ತಿದಾಗ ಊಟ ಬಿಟ್ಟು ಏಳುತ್ತಿದ್ದ.

ಅಕ್ಟೋಬರಿನ ಕೊನೆಯಲ್ಲಿ ಮಾರುಕಟ್ಟೆಯಲ್ಲಿ ಉಸ್ತಾದಾ ನೆಜಾಹ್ ಸಿಕ್ಕರು.

"ಸಾಲ್ಕಾಳ ತಂದೆ ತೀರಿಕೊಂಡರಂತೆ, ಕೇಳಿದೆಯಾ? ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರಂತೆ."

ನಾವು ಅಲ್ಲಾಹನವರು, ಅವನಲ್ಲಿಗೇ ಹೋಗುವವರು ಎಂದು ಇಬ್ಬರೂ ಮೆಲ್ಲಗೆ ಅಂದರು. ಉಸ್ತಾದಾ ಕೈಚೀಲ ಕೆಳಗಿಟ್ಟರು.

"ಆ ಹುಡುಗೀದು ನನ್ನ ಎದೆ ಮೇಲೆ ಕೂತಿದೆ ಕಣಪ್ಪಾ. ವಿಚಾರಣೆ ಹಿಂದಿನ ದಿನ ನನ್ನ ಹತ್ತಿರ ಬಂದಿದ್ದಳು. ನನ್ನ ಫಾರ್ಮುಗಳಲ್ಲಿ ಒಂದಕ್ಕೆ ಯಾರೋ ಹೆಸರು ಬರೆದಿದ್ದಾರಂತೆ. ಅದರಲ್ಲಿರೋದನ್ನ ಸಮಿತಿ ಮುಂದಿಟ್ಟರೆ ಅವಳು ಬಚಾವ್ ಆಗ್ತಾಳಂತೆ. 'ಇಡಬಹುದಾ ಉಸ್ತಾದಾ?' ಅಂದಳು. ಇಡು ತಾಯಿ, ಪಾಪ ನನ್ನ ತಲೆಗಿರಲಿ, ಅಂದೆ. ರಾತ್ರಿಯೆಲ್ಲ ಯೋಚನೆ ಮಾಡಿದಳೇನೋ. ಬೆಳಗ್ಗೆ ಬಂದು, 'ಚೀಲದಲ್ಲೇ ಇರುತ್ತೆ, ಆದರೆ ತೆಗೆಯೋದಿಲ್ಲ. ನಂಬಿ ಕೊಟ್ಟದ್ದು. ಅವರೇ ಬರ್ತಾರೆ' ಅಂದಳು. ಯಾರು ಅಂತ ಮಾತ್ರ ಕೊನೆಗೂ ಬಾಯಿ ಬಿಡಲಿಲ್ಲ."

ಸುತ್ತ ಮಾರುಕಟ್ಟೆಯ ಗದ್ದಲವಿತ್ತು. ಲಿಮಾಮ್‌ಗೆ ಏನೂ ಕೇಳಿಸಲಿಲ್ಲ. ಎದೆಗೆ ಒತ್ತಿ ಹಿಡಿದ ಚೀಲವೊಂದೇ ಕಣ್ಣ ಮುಂದೆ.

ಅಂದು ಅವನು ಫೋನನ್ನು ಅಮ್ಮನ ಪೆಟ್ಟಿಗೆಯ ಮೇಲಿಟ್ಟು, ಒಂದು ಹಾಳೆ ತೆಗೆದುಕೊಂಡು ಕೂತ. ಎರಡು ಪುಟದ ತಪ್ಪೊಪ್ಪಿಗೆ ಬರೆಯಲು ಮೂರು ದಿನ ಹಿಡಿಯಿತು. ಅದರಲ್ಲಿನ ತಪ್ಪುಗಳನ್ನು ಯಾರೂ ಸೇರಿಸಿರಲಿಲ್ಲ, ಎಲ್ಲ ಅವನವೇ. ಕಾಲೇಜಿಗೆ ಕೊಟ್ಟು ಬಂದ ದಿನ ಅಮ್ಮನಿಗೂ ಹೇಳಿದ. ಅವಳು ಹೊಡೆಯಲಿಲ್ಲ. ನೀಲಿ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ, "ಆ ಹಲಗೆ ಈ ಮನೇಲಿರೋದು ಇನ್ನು ಬೇಡ," ಎಂದಷ್ಟೇ ಹೇಳಿ ಪೆಟ್ಟಿಗೆ ತೆಗೆದಳು.

*

ಬಿರ್ ತಲ್ಹಾಕ್ಕೆ ಗಾಡಿ ವಾರಕ್ಕೆರಡು ಸಲ, ಸೋಮವಾರ ಮತ್ತು ಗುರುವಾರ. ಲಿಮಾಮ್ ಸೋಮವಾರ ಇಳಿದ.

ಸರ್ಕಾರದ ಕೋಣೆ ಹಾಗೇ ಇತ್ತು, ಬಾಗಿಲಿಲ್ಲದೆ. ಬೆಂಚುಗಳು ಬೇರೆ ಊರಿಗೆ ಹೋಗಿದ್ದವು. ಕೋಣೆಯ ನೆರಳಿನಲ್ಲಿ ಆಡುಗಳು ಮಲಗಿದ್ದವು. ತಲ್ಹಾ ಮರದ ಕೆಳಗೆ ಮಾತ್ರ ಮಕ್ಕಳ ದನಿ. ಮೊದಲು ಅವನು ಎಣಿಸಿದ. ಒಂಬತ್ತು ಹೆಣ್ಣುಮಕ್ಕಳು. ಉಳಿದವರು ಆಡು ಕಾಯಲು, ಮದುವೆಗೆ, ಪಟ್ಟಣದ ಮನೆಗೆಲಸಕ್ಕೆ ಚದುರಿದ್ದರು.

ಸಾಲ್ಕಾ ಅಪ್ಪನ ಚರ್ಮದ ದಿಂಬಿಗೆ ಒರಗಿ ಕೂತಿದ್ದಳು. ತೆಳ್ಳಗಾಗಿದ್ದಳು.

"ಬನ್ನಿ," ಎಂದಳು.

ಅವನು ಹಲಗೆಯನ್ನು ಬಟ್ಟೆಯಿಂದ ಬಿಚ್ಚಿ ಅವಳ ಮುಂದಿಟ್ಟ. ಮಸಿ ಮಾಸಿತ್ತು, ಅಕ್ಷರ ಉಳಿದಿತ್ತು. ಮೂಲೆಯಲ್ಲಿ ಪುಟ್ಟದಾಗಿ ಒಂದು ಹೆಸರು. ಅವಳು ಅದರ ಮೇಲೆ ಬೆರಳಾಡಿಸಿದಳು.

"ಕೊನೇ ವಾರ ಅಪ್ಪ ಇದನ್ನ ಕೇಳಿದರು. ಬಂತಾ ಅಂತ." ಹಲಗೆಯಿಂದ ಬೆರಳು ತೆಗೆದು ಹೇಳಿದಳು, "ಇನ್ನೊಂದು ಕೇಳಿದರು. 'ನೀನೇ ಬರೆದದ್ದು ತಾನೇ ಮಗಳೇ?' ಅಂತ. ಒಂದೇ ಸಲ ಕೇಳಿದ್ದು. ಹೌದು ಅಂದೆ. ನಂಬಿದರು. ಆದರೆ ಕೇಳಿದರಲ್ಲ."

ಲಿಮಾಮ್ ಮರಳು ನೋಡುತ್ತ ಕೂತ. "ಕಾಲೇಜಿಗೆ ಎಲ್ಲ ಬರೆದುಕೊಟ್ಟೆ. ನನ್ನ ಸರ್ಟಿಫಿಕೇಟು ರದ್ದಾಯ್ತು. ನೀನು ಮುಂದಿನ ವರ್ಷ ಪ್ರಬಂಧ ಮತ್ತೆ ಕೊಡಬಹುದಂತೆ. ಶಾಲೆ ಮಾತ್ರ..."

"ಶಾಲೆ ಹೋಯ್ತು," ಎಂದಳು. "ಒಪ್ಪಿಸಿ."

ಅವನು ಹುಡುಗರು ಕೂರುವ ಜಾಗದಲ್ಲಿ ಕಾಲು ಮಡಚಿ ಕೂತ. ಒಂದು, ಎರಡು, ಏಳು, ಎಂಟು. ಒಂಬತ್ತನೆಯ ಸಾಲಿಗೆ ನಾಲಗೆ ನಿಂತಿತು. ಸಾಲ್ಕಾ ಹೇಳಿಕೊಡಲಿಲ್ಲ. ಸಿಟ್ಟಿಲ್ಲದೆ, ಆತುರವಿಲ್ಲದೆ, ಅಪ್ಪನ ಹಾಗೆಯೇ ಕಾದಳು. ಅವನ ಕಾಲುಗಳಿಗೆ ಓಡುವುದು ನೆನಪಾಯಿತು. ಓಡಲಿಲ್ಲ.

"ಗೊತ್ತಿಲ್ಲ," ಎಂದ. ಆ ಮಾತು ಹೇಳಿದ ಮೇಲೆ ಎದೆ ಹಗುರಾಯಿತು. ಅವಳು ಹೇಳಿದ್ದು ನಿಜ.

"ಹಾಗಾದರೆ ತೊಳೆಯೋ ಹಾಗಿಲ್ಲ. ಗಾಡಿ ಬರೋದು ಗುರುವಾರ."

ಮೂರು ದಿನ ಅವನು ಬಾಗಿಲಿಲ್ಲದ ಕೋಣೆಯಲ್ಲಿ ಆಡುಗಳ ಜೊತೆ ಕೂತು ಆರು ಸಾಲನ್ನು ತಿರುಗಾಮುರುಗಾ ಹೇಳಿದ. ಅತಿ ಚಿಕ್ಕ ಹುಡುಗಿಯೊಬ್ಬಳು ಮೊಸರುನೀರು ತಂದಿಟ್ಟು, "ಇಷ್ಟು ದೊಡ್ಡೋರಿಗೆ ಇಷ್ಟು ಚಿಕ್ಕ ಪಾಠ ಬರಲ್ವಾ ಮಾವ?" ಎಂದು ಅಣಕಿಸಿ ಓಡಿದಳು. ಗುರುವಾರ ಬೆಳಗಿನ ನಮಾಜಿನ ಮೇಲೆ ಹದಿನಾಲ್ಕೂ ಸಾಲು ಒಪ್ಪಿಸಿದ. ಒಂದು ಸಲವೂ ನಿಲ್ಲಲಿಲ್ಲ.

ಇಬ್ಬರೂ ಸೇರಿ ಹಲಗೆ ತೊಳೆದರು. ಅವಳು ನೀರು ಸುರಿದಳು, ಅವನು ಉಜ್ಜಿದ. ಬೆರಳಿಗೆ ಬೆರಳು ತಾಗಲಿಲ್ಲ, ತಾಗುವಷ್ಟು ಹತ್ತಿರವಿದ್ದವು. ಮಸಿ ಬೆರೆತ ನೀರನ್ನು ಯಾರೂ ತುಳಿಯದಂತೆ ತಲ್ಹಾ ಮರದ ಬುಡಕ್ಕೆ ಹೊಯ್ದರು.

"ಅವತ್ತು ನಾನು ಬಾಗಿಲ ಹತ್ತಿರಾನೇ ಇದ್ದೆ, ಸಾಲ್ಕಾ."

"ಗೊತ್ತು. ನಿನ್ನ ಚಪ್ಪಲಿ ಕಾಣ್ತಿತ್ತು, ಬಾಗಿಲ ಕೆಳಗೆ. ಅದನ್ನ ನೋಡಿಯೇ 'ಇದ್ದಾರೆ' ಅಂದಿದ್ದು."

ದೂರದಲ್ಲಿ ಗಾಡಿಯ ಧೂಳು ಎದ್ದಿತ್ತು.

"ಅಪ್ಪನ ಹತ್ತಿರ ಏನೋ ಕೇಳಬೇಕಿತ್ತು ನಾನು."

"ಕೇಳೋರು ಇದ್ದಾರೆ, ಹೇಳೋರು ಇಲ್ಲ." ಅವಳು ಒದ್ದೆ ಹಲಗೆಯನ್ನು ಬಿಸಿಲಿಗೆ, ಉಳಿದ ಹಲಗೆಗಳ ಸಾಲಿನಲ್ಲಿ ಒರಗಿಸಿದಳು. ಅಲ್ಲೊಂದು ಜಾಗ ಖಾಲಿ ಇತ್ತು.

"ನನ್ನ ಮೇಲೆ ಒಂದಿಷ್ಟೂ ಮನಸ್ಸು ಉಳಿದಿಲ್ವಾ?"

"ಉಳಿದಿಲ್ಲ ಅಂದಿದ್ರೆ ಸುಲಭ ಆಗ್ತಿತ್ತು ಲಿಮಾಮ್. ಪೂರ್ತಿ ಇದೆ. ಆದರೆ ನಂಬಿಕೆ ಅನ್ನೋ ಪಾಠ ನನಗೇ ಮರೆತುಹೋಗಿದೆ. ಅದು ಮತ್ತೆ ಬಾಯಿಗೆ ಬರೋಕೆ ಎಷ್ಟು ವರ್ಷ ಬೇಕೋ, ಅಲ್ಲಾಹನಿಗೆ ಗೊತ್ತು."

ಗಾಡಿ ಬಂದು ನಿಂತು ಹಾರನ್ ಹೊಡೆಯಿತು. ಅವನು ಎದ್ದ, ಮಕ್ಕಳಿಗೆ ಸಲಾಂ ಹೇಳಿದ, ನಾಲ್ಕು ಹೆಜ್ಜೆ ನಡೆದ.

"ಸ್ವಲ್ಪ ನಿಲ್ತೀಯಾ?"

ಅವಳು ಡೇರೆಯೊಳಗೆ ಹೋದಳು. ಅಪ್ಪನ ಚರ್ಮದ ಪುಸ್ತಕಚೀಲದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ತಂದಳು. ಮಡಿಕೆಯ ಅಂಚು ಸವೆದಿತ್ತು. ಮೇಲೆ, ಬಲಗಡೆ, ಅವನ ಹೆಸರು ಹಾಗೇ ಇತ್ತು.

"ನಿನ್ನ ಅಮಾನತ್ತು. ಒಂದಿನ ಬಂದು ಕೇಳ್ತೀನಿ ಅಂದಿದ್ದೆ ನೀನು. ಕೇಳಲಿಲ್ಲ," ಎಂದು ಮೆಲ್ಲಗೆ ಹೇಳಿ, ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಅವನ ಎರಡೂ ಕೈಗೆ ಇಟ್ಟಳು.